ನಿಮಗಾಗಿ ಬಿಷಪ್, ನಿಮ್ಮ ಜೊತೆ ಕ್ರೈಸ್ತ: ಚರ್ಚಿನ ನಾಯಕರ ವಿನಯದ ಹಿಂದಿರುವ ಹಳೇ ಜಗಳ

2025ರ ಮೇ 8ರ ಸಂಜೆ ವ್ಯಾಟಿಕನ್‌ನ ಚಿಮಣಿಯಲ್ಲಿ ಬಿಳಿ ಹೊಗೆ ಕಾಣಿಸಿತು. ಸ್ವಲ್ಪ ಹೊತ್ತಿಗೆ ಹೊಸ ಪೋಪ್ ಹದಿನಾಲ್ಕನೆಯ ಲಿಯೋ ಬಾಲ್ಕನಿಗೆ ಬಂದರು. ಮೊದಲ ಭಾಷಣದಲ್ಲೇ ಅವರು ತಾವು ಸಂತ ಅಗಸ್ಟೀನರ ಮಗ ಎಂದರು. ಅಂದರೆ ಅಗಸ್ಟೀನರ ಹೆಸರಿನ ಸನ್ಯಾಸಿ ಸಂಘಕ್ಕೆ ಸೇರಿದವರು. ಅಗಸ್ಟೀನರು ಸುಮಾರು 1,600 ವರ್ಷಗಳ ಹಿಂದೆ ಉತ್ತರ ಆಫ್ರಿಕಾದಲ್ಲಿದ್ದ ಬಿಷಪ್. ಆಮೇಲೆ ಅಗಸ್ಟೀನರ ಒಂದು ಮಾತನ್ನು ನೆನಪಿಸಿಕೊಂಡರು: ನಿಮ್ಮ ಜೊತೆ ನಾನು ಕ್ರೈಸ್ತ, ನಿಮಗಾಗಿ ಬಿಷಪ್.

ಹೊಸದಾಗಿ ಕುರ್ಚಿ ಹಿಡಿದವರು ಹೀಗೆ ಮಾತಾಡುವುದು ನಮಗೇನೂ ಹೊಸದಲ್ಲ. ಗ್ರಾಮ ಪಂಚಾಯಿತಿಯಿಂದ ಪಾರ್ಲಿಮೆಂಟ್‌ವರೆಗೆ ಎಲ್ಲರೂ ಮೊದಲ ದಿನ ನಮ್ಮ ಸೇವಕರೇ. ಆದರೆ ಅಗಸ್ಟೀನರು ಈ ಮಾತನ್ನು ಸುಮ್ನೆ ಸೌಜನ್ಯಕ್ಕೆ ಹೇಳಿದ್ದಲ್ಲ. ಬಿಷಪ್ ಆದ ದಿನದ ವಾರ್ಷಿಕೋತ್ಸವದ ಪ್ರಸಂಗದಲ್ಲಿ, ಅಂದರೆ ಚರ್ಚಿನ ಉಪದೇಶದಲ್ಲಿ, ಹೇಳಿದ್ದು. ಅದರ ಹಿಂದಿನ ವಾಕ್ಯ ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ: ನಿಮಗಾಗಿ ನಾನು ಏನಾಗಿದ್ದೇನೋ ಅದು ನನಗೆ ಭಯ ಹುಟ್ಟಿಸುತ್ತದೆ, ನಿಮ್ಮ ಜೊತೆ ಏನಾಗಿದ್ದೇನೋ ಅದು ಸಮಾಧಾನ ಕೊಡುತ್ತದೆ. ಬಿಷಪ್ ಎನ್ನುವುದು ಅಪಾಯದ ಹೆಸರು, ಕ್ರೈಸ್ತ ಎನ್ನುವುದು ರಕ್ಷಣೆಯ ಹೆಸರು ಎಂದೂ ಅವರು ಸೇರಿಸಿದ್ದರು.

ಒಂದು ಹುದ್ದೆ ಅಪಾಯ ಹೇಗಾಯಿತು? ಅಗಸ್ಟೀನರು ಹುಟ್ಟುವ ಮೊದಲೇ ಶುರುವಾಗಿ, ಅವರ ಕಾಲಕ್ಕೂ ಮುಗಿಯದ ಒಂದು ಜಗಳದಲ್ಲಿ ಇದಕ್ಕೆ ಉತ್ತರ ಇದೆ. ಚರ್ಚಿನ ಒಳಗಿನ ಈ ವಿಷಯ ಅರ್ಥವಾಗಲು ಕ್ರೈಸ್ತರೇ ಆಗಿರಬೇಕಿಲ್ಲ. ಬೇಕಾದ ಹಿನ್ನೆಲೆಯನ್ನು ಒಂದೊಂದಾಗಿ ನೋಡೋಣ.

ಸ್ವನೀತಿ ಅಂದರೆ ಏನು?

ಕನ್ನಡದ ಕ್ರೈಸ್ತ ಪ್ರಸಂಗಗಳಲ್ಲಿ ಸ್ವನೀತಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ನಾನು ಮಾಡಿದ ಒಳ್ಳೆಯ ಕೆಲಸಗಳಿಂದಲೇ ನಾನು ದೇವರ ಮುಂದೆ ಸರಿಯಾಗಿದ್ದೇನೆ, ಆದ್ದರಿಂದ ಬೇರೆಯವರಿಗಿಂತ ಒಂದು ಮೆಟ್ಟಿಲು ಮೇಲಿದ್ದೇನೆ ಎಂಬ ನಂಬಿಕೆ ಅದು. ಇದರ ಎದುರು ಇರುವುದು ವಿನಯ. ಕ್ರೈಸ್ತರ ಲೆಕ್ಕದಲ್ಲಿ ವಿನಯ ಎಂದರೆ ಮೆಲ್ಲಗೆ ಮಾತಾಡುವುದಲ್ಲ, ಹಳೇ ಚಪ್ಪಲಿ ಹಾಕುವುದೂ ಅಲ್ಲ. ನನ್ನಲ್ಲಿರುವ ಒಳ್ಳೆಯದು ದೇವರು ಕೊಟ್ಟದ್ದು, ನಾನು ತಪ್ಪಬಲ್ಲೆ, ತಪ್ಪಿದಾಗ ನನ್ನನ್ನು ತಿದ್ದಬಹುದು ಎಂದು ಒಪ್ಪಿಕೊಳ್ಳುವುದು.

ಇದಕ್ಕೆ ಆಧಾರವಾಗಿರುವ ಕಥೆ ಬೈಬಲಿನ ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಇಬ್ಬರು ಪ್ರಾರ್ಥನೆ ಮಾಡಲು ಜೆರುಸಲೇಮಿನ ದೇವಾಲಯಕ್ಕೆ ಹೋಗುತ್ತಾರೆ. ಒಬ್ಬ ಫರಿಸಾಯ, ಇನ್ನೊಬ್ಬ ಸುಂಕದವನು. ಫರಿಸಾಯ ನಿಂತು ಪ್ರಾರ್ಥಿಸುತ್ತಾನೆ: ದೇವರೇ, ನಾನು ಕಳ್ಳರ ಹಾಗೆ, ವ್ಯಭಿಚಾರಿಗಳ ಹಾಗೆ, ಈ ಸುಂಕದವನ ಹಾಗೆ ಅಲ್ಲ, ಅದಕ್ಕೆ ನಿನಗೆ ಕೃತಜ್ಞ, ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತೇನೆ, ಸಂಪಾದನೆಯಲ್ಲೆಲ್ಲ ಹತ್ತನೇ ಒಂದು ಪಾಲು ಕೊಡುತ್ತೇನೆ. ಸುಂಕದವನು ದೂರದಲ್ಲೇ ನಿಂತು ಎದೆ ಬಡಿದುಕೊಂಡು, ಪಾಪಿಯಾದ ನನ್ನನ್ನು ಕರುಣಿಸು ಎನ್ನುತ್ತಾನೆ. ದೇವರ ಮುಂದೆ ಸರಿ ಎನಿಸಿಕೊಂಡು ಮನೆಗೆ ಹೋದವನು ಸುಂಕದವನು ಎಂದು ಯೇಸು ಕಥೆ ಮುಗಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಫರಿಸಾಯ ಸುಳ್ಳು ಹೇಳುತ್ತಿಲ್ಲ. ಉಪವಾಸ ನಿಜ, ಕಾಣಿಕೆ ನಿಜ. ಅವನು ಕೃತಜ್ಞತೆ ಹೇಳುವುದೂ ದೇವರಿಗೇ. ಎಡವಟ್ಟಾಗುವುದು ಪಕ್ಕಕ್ಕೆ ಕಣ್ಣು ಹಾಯಿಸಿದಾಗ. ಅವನ ಪ್ರಾರ್ಥನೆಗೆ ಸುಂಕದವನು ಬೇಕೇ ಬೇಕು. ಅವನಿಲ್ಲದಿದ್ದರೆ ತಾನು ಎಷ್ಟು ಒಳ್ಳೆಯವನು ಅಂತ ಅಳೆಯುವುದು ಹೇಗೆ, ಅಲ್ವಾ?

ಫರಿಸಾಯರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕ್ರೈಸ್ತರ ಬಾಯಲ್ಲಿ ಆ ಹೆಸರು ಈಗ ಬೈಗುಳ. ಆ ಕಾಲದಲ್ಲಿ ಅವರು ಧರ್ಮಶಾಸ್ತ್ರವನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದ, ಜನ ಗೌರವಿಸುತ್ತಿದ್ದ ಯಹೂದಿ ಗುಂಪು. ಸುಂಕದವನಾದರೋ ರೋಮನ್ ಆಡಳಿತಕ್ಕಾಗಿ ಸ್ವಂತ ಜನರಿಂದ ಹಣ ಕೀಳುವವನು. ಕೇಳುವವರ ಮನಸ್ಸಿನಲ್ಲಿ ಫರಿಸಾಯನಿಗೆ ಗೌರವ ಇದ್ದದ್ದರಿಂದಲೇ ಕಥೆ ಚುಚ್ಚಿತು. ಇವತ್ತು ಅದನ್ನು ಓದಿ, ಸದ್ಯ ನಾನು ಆ ಫರಿಸಾಯನ ಹಾಗಲ್ಲ ಎಂದುಕೊಳ್ಳುವವರು ಅವನದೇ ಪ್ರಾರ್ಥನೆ ಮಾಡುತ್ತಿದ್ದಾರೆ.

ನಾಯಕರಿಗೆ ಈ ಅಪಾಯ ಯಾಕೆ ಜಾಸ್ತಿ?

ಸ್ವನೀತಿ ಯಾರಿಗೂ ಬರಬಹುದು. ಆದರೆ ಚರ್ಚಿನ ನಾಯಕರ ಸುತ್ತ ಅದಕ್ಕೆ ಬೇಕಾದ ಗೊಬ್ಬರ, ನೀರು ಎರಡೂ ಸಿಗುತ್ತವೆ. ಪ್ರಸಂಗದ ನಡುವೆ ಯಾರೂ ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ. ಎದುರಿಗೆ ಸಿಕ್ಕವರು ಫಾದರ್, ಬಿಷಪ್ ಸ್ವಾಮಿ, ಪಾಸ್ಟರ್ ಅಯ್ಯ ಎಂದು ತಲೆಬಾಗುತ್ತಾರೆ. ಜನ ತಮ್ಮ ಪಾಪ, ಸಾಲ, ಗಂಡ ಹೆಂಡತಿ ಜಗಳ ಎಲ್ಲವನ್ನೂ ಅವರ ಮುಂದೆ ಬಿಚ್ಚಿಡುತ್ತಾರೆ. ಅವರು ತಮ್ಮದನ್ನು ಜನರ ಮುಂದೆ ಬಿಚ್ಚಿಡುವುದಿಲ್ಲ. ದಿನವಿಡೀ ದೇವರ ಹೆಸರಿನಲ್ಲಿ ಮಾತಾಡುವ ಮನುಷ್ಯನಿಗೆ ತನ್ನ ಸಿಟ್ಟು ಯಾವುದು, ದೇವರ ಸಿಟ್ಟು ಯಾವುದು ಎಂಬ ಗೆರೆ ಮೆಲ್ಲಗೆ ಮಸುಕಾಗುತ್ತದೆ.

ಇನ್ನೂ ಒಂದು ಕಾರಣ ಇದೆ. ಜನರಿಗೇ ಶುದ್ಧ ನಾಯಕ ಬೇಕು. ನಾಯಕನ ಶುದ್ಧತೆ ತಮಗೂ ಅಂಟಿಕೊಳ್ಳುತ್ತದೆ ಎಂಬ ಆಸೆ. ಉತ್ತರ ಆಫ್ರಿಕಾದಲ್ಲಿ ಚರ್ಚ್ ಒಡೆದದ್ದು ಇದೇ ಆಸೆಯಿಂದ.

ಸಿರ್ತಾದಲ್ಲಿ ಒಂದು ಜಪ್ತಿ

ಕ್ರಿ.ಶ. 303ರಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಒಂದು ಆಜ್ಞೆ ಹೊರಡಿಸಿದ. ಚರ್ಚುಗಳನ್ನು ಕೆಡವಬೇಕು, ಕ್ರೈಸ್ತರು ತಮ್ಮ ಧರ್ಮಗ್ರಂಥಗಳನ್ನು ಒಪ್ಪಿಸಬೇಕು, ಅವನ್ನು ಸುಡಬೇಕು. ಆ ವರ್ಷದ ಮೇ ತಿಂಗಳಲ್ಲಿ ಅಧಿಕಾರಿಗಳು ಸಿರ್ತಾ ಎಂಬ ಊರಿನ ಚರ್ಚಿಗೆ ಬಂದರು. ಇವತ್ತು ಅದು ಅಲ್ಜೀರಿಯಾದ ಕಾನ್‌ಸ್ಟಂಟೈನ್ ನಗರ. ಗುಮಾಸ್ತ ಬರೆದುಕೊಂಡ ಜಪ್ತಿ ಪಟ್ಟಿ ಈಗಲೂ ಉಳಿದಿದೆ: 2 ಚಿನ್ನದ ಬಟ್ಟಲು, 6 ಬೆಳ್ಳಿ ಬಟ್ಟಲು, 7 ಬೆಳ್ಳಿ ದೀಪ, ಹೆಂಗಸರ 82 ಅಂಗಿ, ಗಂಡಸರ 16 ಅಂಗಿ, ಗಂಡಸರ 13 ಜೊತೆ ಮತ್ತು ಹೆಂಗಸರ 47 ಜೊತೆ ಪಾದರಕ್ಷೆ. ಬಡವರಿಗೆ ಹಂಚಲು ಇಟ್ಟಿದ್ದ ಬಟ್ಟೆಬರೆ ಇರಬೇಕು.

ಬಿಷಪ್ ಪೌಲಸ್ ಅಲ್ಲೇ ಕೂತಿದ್ದರು. ಗ್ರಂಥ ಎಲ್ಲಿ ಎಂದಾಗ, ಅವು ಚರ್ಚಿನಲ್ಲಿ ಗ್ರಂಥ ಓದುವ ವಾಚಕರ ಮನೆಗಳಲ್ಲಿವೆ ಎಂದರು. ವಾಚಕರ ಹೆಸರು ಹೇಳಿ ಎಂದಾಗ ಇಬ್ಬರು ಸಹಾಯಕರು, ನಾವು ಹಿಡಿದುಕೊಡುವವರಲ್ಲ, ಬೇಕಾದರೆ ನಮ್ಮನ್ನು ಕೊಲ್ಲಿಸಿ ಎಂದರು. ಕೊನೆಗೆ ಗ್ರಂಥಗಳು ಸಿಕ್ಕವು. ಆ ಹೊತ್ತಿಗೆ ಸಿಲ್ವಾನಸ್ ಎಂಬ ಇನ್ನೊಬ್ಬ ಸಹಾಯಕ ಒಂದು ಬೆಳ್ಳಿ ಪೆಟ್ಟಿಗೆ, ಒಂದು ಬೆಳ್ಳಿ ದೀಪ ತಂದು ಒಪ್ಪಿಸಿದ. ದೊಡ್ಡ ಜಾಡಿಯ ಹಿಂದೆ ಸಿಕ್ಕಿತು ಎಂದ. ಇವು ಸಿಗದಿದ್ದರೆ ನೀನು ಸತ್ತಿರುತ್ತಿದ್ದೆ ಎಂದು ಅಧಿಕಾರಿಯ ಕಡೆಯವನೊಬ್ಬ ಹೇಳಿದ್ದೂ ದಾಖಲಾಗಿದೆ.

ಆ ಕೋಣೆಯಲ್ಲಿ ಇದ್ದವರು ರಾಕ್ಷಸರಲ್ಲ, ವೀರರೂ ಅಲ್ಲ. ಹೆದರಿದ ಮನುಷ್ಯರು. ಒಬ್ಬರು ಸ್ವಲ್ಪ ಎದೆ ಕೊಟ್ಟರು, ಇನ್ನೊಬ್ಬರು ಬಾಗಿದರು. ಸಿಲ್ವಾನಸ್ ಎಂಬ ಹೆಸರನ್ನು ನೆನಪಿಟ್ಟುಕೊಳ್ಳಿ.

ನಾವು ಶುದ್ಧರು ಎಂದವರು

ಹಿಂಸೆ ನಿಂತ ಮೇಲೆ ಲೆಕ್ಕ ಚುಕ್ತಾ ಮಾಡುವ ಕಾಲ ಬಂತು. ಸುಮಾರು 311ರಲ್ಲಿ ಕಾರ್ಥೇಜ್ ನಗರಕ್ಕೆ ಸೆಸಿಲಿಯನ್ ಬಿಷಪ್ ಆದರು. ಅವರ ತಲೆ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟ ಬಿಷಪ್ಪರಲ್ಲಿ ಒಬ್ಬರಾದ ಫೆಲಿಕ್ಸ್ ಹಿಂದೆ ಗ್ರಂಥ ಒಪ್ಪಿಸಿದ್ದರು ಎಂಬ ಆರೋಪ ಎದ್ದಿತು. ಗ್ರಂಥ ಕೊಟ್ಟವನು ದ್ರೋಹಿ, ದ್ರೋಹಿಯ ಕೈಯಲ್ಲಿ ಪವಿತ್ರಾತ್ಮ ಇಲ್ಲ, ಆದ್ದರಿಂದ ಆ ದೀಕ್ಷೆಯೇ ಸುಳ್ಳು, ಸೆಸಿಲಿಯನ್ ಬಿಷಪ್ಪೇ ಅಲ್ಲ ಎಂದು ವಿರೋಧಿಗಳು ವಾದಿಸಿದರು. ತಮ್ಮದೇ ಬೇರೆ ಬಿಷಪ್ಪನನ್ನು ನೇಮಿಸಿದರು. ಅವರ ನಂತರ ಬಂದ ನಾಯಕ ಡೊನಾಟಸ್. ಅವರಿಂದಾಗಿ ಈ ಗುಂಪಿಗೆ ಡೊನಾಟಿಸ್ಟರು ಎಂಬ ಹೆಸರು ಬಂತು.

ಅವರ ತರ್ಕ ನೇರವಾಗಿತ್ತು. ದೀಕ್ಷಾಸ್ನಾನ ಅಂದರೆ ಒಬ್ಬರನ್ನು ಕ್ರೈಸ್ತರಾಗಿ ಸೇರಿಸಿಕೊಳ್ಳುವ ನೀರಿನ ವಿಧಿ. ಅಶುದ್ಧ ಪಾದ್ರಿ ಕೊಟ್ಟ ದೀಕ್ಷಾಸ್ನಾನ ದೀಕ್ಷಾಸ್ನಾನವೇ ಅಲ್ಲ. ಅವನಿಂದ ದೀಕ್ಷೆ ಪಡೆದವನೂ ಅಶುದ್ಧ, ಅವನ ಜೊತೆ ಪ್ರಾರ್ಥಿಸಿದವನೂ ಅಶುದ್ಧ. ಆ ಕಡೆಯಿಂದ ಬಂದವರಿಗೆ ಇವರು ಮತ್ತೊಮ್ಮೆ ಸ್ನಾನ ಮಾಡಿಸುತ್ತಿದ್ದರು. ವಶಕ್ಕೆ ಬಂದ ಚರ್ಚಿನ ಗೋಡೆಗಳನ್ನೂ ತೊಳೆಸಿದರು ಎಂದು ಎದುರು ಪಕ್ಷದ ಬಿಷಪ್ ಆಪ್ಟೇಟಸ್ ದೂರಿದ್ದಾರೆ. ಮಡಿ ಮೈಲಿಗೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಸಿಲ್ವಾನಸ್ ಕಥೆಗೆ ಬರೋಣ. ಬೆಳ್ಳಿ ದೀಪ ಒಪ್ಪಿಸಿದ ಆ ಸಹಾಯಕ ಮುಂದೆ ಸಿರ್ತಾದ ಬಿಷಪ್ ಆದ. ಗ್ರಂಥ ಕೊಟ್ಟ ದ್ರೋಹಿಗಳ ವಿರುದ್ಧ ಎದ್ದು ನಿಂತ ಗುಂಪಿನ ಮುಂಚೂಣಿಯಲ್ಲೂ ಇದ್ದ. 320ರಲ್ಲಿ ಅವನದೇ ಕೈಕೆಳಗಿನ ಒಬ್ಬ ಡೀಕನ್ (ಪಾದ್ರಿಗಿಂತ ಕೆಳಗಿನ ಹುದ್ದೆಯವನು) ಜಗಳ ತೆಗೆದು ವಿಷಯವನ್ನು ರಾಜ್ಯಪಾಲನ ನ್ಯಾಯಾಲಯಕ್ಕೆ ಒಯ್ದ. ಅಲ್ಲಿ ಆ ಹಳೇ ಜಪ್ತಿ ಪಟ್ಟಿಯನ್ನು ಗಟ್ಟಿಯಾಗಿ ಓದಿದರು. ನಮಗೆ ಪಟ್ಟಿ ಉಳಿದಿರುವುದೇ ಆ ಮೊಕದ್ದಮೆಯ ಕಡತದಿಂದ. ಅತ್ತ ಆರೋಪ ಹೊತ್ತಿದ್ದ ಫೆಲಿಕ್ಸ್, ಸರ್ಕಾರಿ ವಿಚಾರಣೆಯಲ್ಲಿ ನಿರ್ದೋಷಿ ಎಂದು ಹೊರಬಂದಿದ್ದರು.

ಅಗಸ್ಟೀನರು ಉಳಿಸಿಕೊಟ್ಟ ಇನ್ನೊಂದು ದಾಖಲೆ ಇದಕ್ಕೂ ಖಾರವಾಗಿದೆ. ಸಿಲ್ವಾನಸ್‌ನನ್ನು ಬಿಷಪ್ ಮಾಡಲು ಸೇರಿದ ಸಭೆಯಲ್ಲಿ ಅಧ್ಯಕ್ಷರು ಒಬ್ಬೊಬ್ಬ ಬಿಷಪ್ಪನನ್ನೂ, ನೀನು ಗ್ರಂಥ ಕೊಟ್ಟೆಯಾ ಎಂದು ಕೇಳುತ್ತಾ ಹೋದರಂತೆ. ಒಬ್ಬರು, ಸುವಾರ್ತೆಗಳನ್ನು ಬೆಂಕಿಗೆ ಹಾಕಿದ್ದು ನಿಜ, ಆದರೆ ಅಕ್ಷರ ಹೇಗೂ ಅಳಿಸಿ ಹೋಗಿದ್ದವು ಎಂದರು. ಇನ್ನೊಬ್ಬರು, ನಿನ್ನನ್ನೂ ಹಿಡಿದಿದ್ದರಲ್ಲ, ನೀನು ಏನು ಕೊಟ್ಟು ಬಿಡಿಸಿಕೊಂಡೆ ಎಂದು ಅಧ್ಯಕ್ಷರಿಗೇ ತಿರುಗಿಬಿದ್ದರು. ಕೊನೆಗೆ ಇದನ್ನು ದೇವರಿಗೇ ಬಿಡೋಣ ಎಂದು ಎಲ್ಲರೂ ಎದ್ದರು. ಇವರಲ್ಲೇ ಕೆಲವರು ಕೆಲವು ವರ್ಷಗಳ ನಂತರ ಸೆಸಿಲಿಯನ್ ವಿರುದ್ಧ ತೀರ್ಪು ಕೊಟ್ಟರು. ಈ ದಾಖಲೆ ಖೋಟಾ ಎಂದು ಡೊನಾಟಿಸ್ಟರು ಹೇಳುತ್ತಿದ್ದರು ಎಂಬುದನ್ನೂ ಸೇರಿಸಿಯೇ ಓದಬೇಕು.

ಅಗಸ್ಟೀನರ ಉತ್ತರ

ಅಗಸ್ಟೀನರು ಹಿಪ್ಪೋ ಎಂಬ ಬಂದರು ಊರಿಗೆ ಬಿಷಪ್ ಆಗುವ ಹೊತ್ತಿಗೆ ಈ ಒಡಕಿಗೆ 80 ವರ್ಷ ದಾಟಿತ್ತು. ಊರೂರಿನಲ್ಲಿ ಎರಡೆರಡು ಚರ್ಚು, ಎರಡೆರಡು ಬಿಷಪ್.

ಅವರ ಉತ್ತರದ ತಿರುಳು ಇಷ್ಟು. ದೀಕ್ಷಾಸ್ನಾನ ಪಾದ್ರಿಯ ಆಸ್ತಿಯಲ್ಲ. ಕೊಡುವುದು ಕ್ರಿಸ್ತ, ಪಾದ್ರಿಯ ಕೈ ಬರೀ ದಾರಿ. ಇದಕ್ಕೆ ಅವರು ಕಲ್ಲಿನ ಕಾಲುವೆಯ ಹೋಲಿಕೆ ಕೊಟ್ಟರು. ನೀರು ಕಲ್ಲಿನ ಕಾಲುವೆಯಲ್ಲಿ ಹರಿದು ತೋಟದ ಪಾತಿಗೆ ಬೀಳುತ್ತದೆ. ಕಲ್ಲಿನಲ್ಲಿ ಏನೂ ಬೆಳೆಯುವುದಿಲ್ಲ, ಆದರೂ ತೋಟ ಹಸಿರಾಗುತ್ತದೆ. ಅಡಿಕೆ ತೋಟಕ್ಕೆ ನೀರು ಬಿಟ್ಟು ಗೊತ್ತಿರುವವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಕೆಟ್ಟ ಪಾದ್ರಿಯಿಂದ ಬಂದರೂ ಕೃಪೆ ಕೃಪೆಯೇ. ಪಾದ್ರಿಗೆ ಮಾತ್ರ ಅದರಿಂದ ಏನೂ ದಕ್ಕದೆ ಹೋಗಬಹುದು.

ಇದು ಎರಡು ಕೆಲಸ ಮಾಡಿತು. ನನ್ನ ಫಾದರ್ ಒಳಗೊಳಗೆ ಎಂಥವರೋ, ನನ್ನ ದೀಕ್ಷಾಸ್ನಾನ ಆಗಿದೆಯೋ ಇಲ್ಲವೋ ಎಂಬ ಚಿಂತೆ ಸಾಮಾನ್ಯ ಭಕ್ತನಿಗೆ ತಪ್ಪಿತು. ನಾಯಕನನ್ನು ಕೆಳಗೂ ಇಳಿಸಿತು. ನೀನು ಬುಗ್ಗೆ ಅಲ್ಲ, ಕಾಲುವೆ. ಬಿಷಪ್ ಎಂಬುದು ಅಪಾಯದ ಹೆಸರು ಎಂಬ ಮಾತು ಈ ಹಿನ್ನೆಲೆಯಲ್ಲಿ ಸರಿಯಾಗಿ ಕೂರುತ್ತದೆ. ಕಾಲುವೆಗೆ ತಾನೇ ಬುಗ್ಗೆ ಎನ್ನಿಸತೊಡಗುವುದು ಆ ಅಪಾಯ.

411ರ ಜೂನ್‌ನಲ್ಲಿ ಚಕ್ರವರ್ತಿಯ ಅಧಿಕಾರಿ ಮಾರ್ಸೆಲಿನಸ್ ಎದುರು ಕಾರ್ಥೇಜ್‌ನಲ್ಲಿ ದೊಡ್ಡ ಸಭೆ ನಡೆಯಿತು. ಒಂದೊಂದು ಕಡೆಯಿಂದಲೂ ಸುಮಾರು 280ರಷ್ಟು ಬಿಷಪ್ಪರು ಬಂದಿದ್ದರು. ಡೊನಾಟಿಸ್ಟರಿಗೆ ಆಸನ ತೋರಿಸಿದಾಗ ಅವರು ಕೂರಲಿಲ್ಲ. ದುಷ್ಟರ ಜೊತೆ ಕೂರುವುದಿಲ್ಲ ಎಂಬ ಬೈಬಲಿನ ಕೀರ್ತನೆಯ ಸಾಲನ್ನು ಮುಂದಿಟ್ಟರು. ಮಾರ್ಸೆಲಿನಸ್ ತಾವೂ ನಿಂತೇ ಸಭೆ ನಡೆಸಿದರು.

ಅಗಸ್ಟೀನರ ಕಡೆಯವರು ಸಭೆಗೂ ಮೊದಲೇ ಒಂದು ಪತ್ರ ಬರೆದುಕೊಟ್ಟಿದ್ದರು. ಸೋತರೆ ನಾವು ಪೀಠ ಬಿಡುತ್ತೇವೆ. ಗೆದ್ದರೂ ನಿಮ್ಮ ಬಿಷಪ್ಪರ ಜೊತೆ ಪೀಠ ಹಂಚಿಕೊಳ್ಳುತ್ತೇವೆ. ಒಂದು ಊರಿಗೆ ಇಬ್ಬರು ಬೇಡ ಎಂದು ಜನ ಹೇಳಿದರೆ ಇಬ್ಬರೂ ಇಳಿಯೋಣ, ಹೊಸಬರು ಬರಲಿ. ಸುಮಾರು 300 ಬಿಷಪ್ಪರಲ್ಲಿ ಇಬ್ಬರಿಗೆ ಮಾತ್ರ ಇದು ಹಿಡಿಸಲಿಲ್ಲ ಎಂದು ಅಗಸ್ಟೀನರು ಆಮೇಲೆ ನೆನೆಸಿಕೊಳ್ಳುತ್ತಾರೆ. ವಯಸ್ಸಾದ ಒಬ್ಬರು ಬಾಯಿಬಿಟ್ಟೇ ಬೇಡ ಎಂದರು. ಇನ್ನೊಬ್ಬರು ಮುಖ ಗಂಟಿಕ್ಕಿದರು. ಉಳಿದವರೆಲ್ಲ ಸೇರಿ ಆ ಹಿರಿಯರನ್ನು ಒಪ್ಪಿಸಿದಾಗ ಇನ್ನೊಬ್ಬರ ಮುಖವೂ ಸಡಿಲವಾಯಿತಂತೆ.

ವಿನಯದ ಪಕ್ಷವೂ ಎಡವಿತು

ಇಲ್ಲಿಗೆ ಕಥೆ ನಿಂತಿದ್ದರೆ ಅಗಸ್ಟೀನರು ನಾಯಕ, ಡೊನಾಟಿಸ್ಟರು ಖಳನಾಯಕರು ಎಂದು ಬರೆದು ಮುಗಿಸಬಹುದಿತ್ತು. ಹಾಗಾಗಲಿಲ್ಲ. ಮಾರ್ಸೆಲಿನಸ್ ತೀರ್ಪು ಡೊನಾಟಿಸ್ಟರ ವಿರುದ್ಧ ಬಂತು. 412ರ ಚಕ್ರವರ್ತಿಯ ಆಜ್ಞೆ ಅವರಿಗೆ ದಂಡ ಹಾಕಿತು, ಅವರ ಪಾದ್ರಿಗಳನ್ನು ಗಡಿಪಾರು ಮಾಡಿತು. ಮೊದಲು ಬಲವಂತ ಬೇಡ ಎನ್ನುತ್ತಿದ್ದ ಅಗಸ್ಟೀನರು ಅಷ್ಟರಲ್ಲಿ ಅಭಿಪ್ರಾಯ ಬದಲಿಸಿದ್ದರು. ಅವರನ್ನು ಒಳಗೆ ಬರುವಂತೆ ಬಲವಂತಮಾಡು ಎಂಬ ಲೂಕನ ಸುವಾರ್ತೆಯ ಮಾತನ್ನೇ ಆಧಾರವಾಗಿ ಹಿಡಿದರು. ಮುಂದಿನ ಶತಮಾನಗಳಲ್ಲಿ ಭಿನ್ನಮತದವರನ್ನು ಹಿಂಸಿಸಿದವರು ಈ ವಾದವನ್ನು ಎತ್ತಿಕೊಂಡರು.

ನನಗೆ ಇದು ಇಡೀ ಕಥೆಯ ಅತಿ ಮುಖ್ಯ ತಿರುವು ಎನ್ನಿಸುತ್ತದೆ. ಎದುರಿನವನ ಸ್ವನೀತಿಯನ್ನು ಅಷ್ಟು ಚೆನ್ನಾಗಿ ಕಂಡ ಮನುಷ್ಯನಿಗೆ, ಕೈಗೆ ಅಧಿಕಾರ ಸಿಕ್ಕಾಗ ತನ್ನ ಕಡೆಯದು ಕಾಣಲಿಲ್ಲ. ಆದರೆ ಅದೇ ಅಗಸ್ಟೀನರು ಸುಮಾರು 427ರಲ್ಲಿ, ಎಪ್ಪತ್ತು ದಾಟಿದ ಮೇಲೆ, ತಮ್ಮ 93 ಕೃತಿಗಳನ್ನು ಒಂದೊಂದಾಗಿ ತೆಗೆದು ಎಲ್ಲೆಲ್ಲಿ ತಪ್ಪು ಬರೆದಿದ್ದೇನೆ ಎಂದು ಪಟ್ಟಿ ಮಾಡಿದರು. ಅಷ್ಟು ದೊಡ್ಡ ಹೆಸರಿನ ಲೇಖಕರು ಹೀಗೆ ಮಾಡಿದ್ದು ಅಪರೂಪ.

ಕಾಲುವೆಯ ವಾದ ಗುರಾಣಿಯಾದಾಗ

ಕಾಲುವೆಯ ವಾದ ಪೋಪರ ಮುಂದಾಳತ್ವದ ಕಥೋಲಿಕ ಚರ್ಚಿನ ಬೋಧನೆಯಾಗಿ ಗಟ್ಟಿಯಾಯಿತು. ಅದನ್ನು ತಪ್ಪಾಗಿ ಬಳಸುವುದೂ ಸುಲಭ. ಪಾದ್ರಿ ಹೇಗಿದ್ದರೇನು, ಅಭಿಷೇಕವಾದವರು, ಅವರ ಬಗ್ಗೆ ಮಾತಾಡಬಾರದು ಎನ್ನುವವರು ಎಲ್ಲ ಕಡೆ ಸಿಗುತ್ತಾರೆ. ಕೆಟ್ಟ ಪಾದ್ರಿ ಕೊಟ್ಟ ದೀಕ್ಷಾಸ್ನಾನ ಊರ್ಜಿತ ಎಂದರೆ ಕೆಟ್ಟ ಪಾದ್ರಿಯನ್ನು ಹುದ್ದೆಯಲ್ಲಿ ಇಟ್ಟುಕೊಳ್ಳಿ ಎಂದು ಅರ್ಥವಲ್ಲ. ಎರಡೂ ಬೇರೆ ಬೇರೆ ಪ್ರಶ್ನೆಗಳು. ಕಾಲುವೆ ಒಡೆದರೆ ರಿಪೇರಿ ಮಾಡಬೇಕು, ಇಲ್ಲ ಬದಲಿಸಬೇಕು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪ್ರಕರಣಗಳಲ್ಲಿ ಈ ಗೊಂದಲದ ಬೆಲೆ ದೊಡ್ಡದಾಯಿತು. ಚಿಲಿ ದೇಶದ ಘಟನೆ ನೋಡಿ. ಫರ್ನಾಂಡೊ ಕರಡಿಮಾ ಎಂಬ ಪಾದ್ರಿ ತಪ್ಪಿತಸ್ಥ ಎಂದು ವ್ಯಾಟಿಕನ್ 2011ರಲ್ಲೇ ತೀರ್ಮಾನಿಸಿತ್ತು. ಅವನ ಕೃತ್ಯಗಳನ್ನು ಕಂಡೂ ಸುಮ್ಮನಿದ್ದರು ಎಂಬ ಆರೋಪ ಬಿಷಪ್ ಹುವಾನ್ ಬರೋಸ್ ಮೇಲಿತ್ತು. ಬರೋಸ್ ಅಲ್ಲಗಳೆದಿದ್ದರು. 2018ರ ಜನವರಿಯಲ್ಲಿ ಚಿಲಿಗೆ ಹೋಗಿದ್ದ ಪೋಪ್ ಫ್ರಾನ್ಸಿಸ್, ಸಾಕ್ಷಿ ತನ್ನಿ, ಆಮೇಲೆ ಮಾತಾಡುತ್ತೇನೆ, ಇದೆಲ್ಲ ಅಪನಿಂದೆ ಎಂದುಬಿಟ್ಟರು. ದೌರ್ಜನ್ಯಕ್ಕೆ ಒಳಗಾದವರಿಗೆ ಇದು ಮತ್ತೊಂದು ಪೆಟ್ಟು. ಬಡವರ ಪೋಪ್, ಸರಳ ಜೀವಿ ಎಂದು ಜಗತ್ತೆಲ್ಲ ಹೊಗಳುತ್ತಿದ್ದ ಮನುಷ್ಯ ಹೀಗೆ ಹೇಳಿದ್ದು.

ಟೀಕೆ ಜೋರಾದ ಮೇಲೆ ಫ್ರಾನ್ಸಿಸ್ ತನಿಖೆಗೆ ಆರ್ಚ್‌ಬಿಷಪ್ ಚಾರ್ಲ್ಸ್ ಶಿಕ್ಲೂನಾ ಅವರನ್ನು ಕಳಿಸಿದರು. 64 ಜನರ ಹೇಳಿಕೆ, 2,300 ಪುಟಗಳ ವರದಿ ಬಂತು. ಏಪ್ರಿಲ್‌ನಲ್ಲಿ ಪೋಪ್ ಬಹಿರಂಗ ಪತ್ರ ಬರೆದು, ಪರಿಸ್ಥಿತಿಯನ್ನು ಅಳೆಯುವುದರಲ್ಲಿ ತಾವು ಗಂಭೀರ ತಪ್ಪು ಮಾಡಿದ್ದಾಗಿ ಒಪ್ಪಿಕೊಂಡು ಕ್ಷಮೆ ಕೇಳಿದರು. ಸರಿಯಾದ ಮಾಹಿತಿ ಸಿಗಲಿಲ್ಲ ಎಂಬ ಮಾತನ್ನೂ ಜೊತೆಗೆ ಸೇರಿಸಿದ್ದರು. ತಾವು ಯಾರನ್ನು ನಂಬಿರಲಿಲ್ಲವೋ ಅವರಲ್ಲಿ ಮೂವರನ್ನು ತಾವು ಇರುವ ಅತಿಥಿಗೃಹಕ್ಕೇ ಕರೆಸಿ ಗಂಟೆಗಟ್ಟಲೆ ಮಾತು ಕೇಳಿದರು. ಮೇ ತಿಂಗಳಲ್ಲಿ ಚಿಲಿಯ ಬಿಷಪ್ಪರು ಒಟ್ಟಾಗಿ ರಾಜೀನಾಮೆ ಒಪ್ಪಿಸಿದರು. ಜೂನ್‌ನಲ್ಲಿ ಬರೋಸ್ ಅವರ ರಾಜೀನಾಮೆ ಅಂಗೀಕಾರವಾಯಿತು. ಮುಂದಿನ ವರ್ಷ ಬಿಷಪ್ಪರೇ ಪ್ರಕರಣ ಮುಚ್ಚಿಹಾಕಿದರೆ ದೂರು ಕೊಡುವುದು ಹೇಗೆ ಎಂಬುದಕ್ಕೆ ಲಿಖಿತ ನಿಯಮ ಬಂತು.

ಇಲ್ಲಿ ಸ್ವನೀತಿ, ವಿನಯ ಎರಡೂ ಒಬ್ಬರೇ ಮನುಷ್ಯನಲ್ಲಿ ಮೂರು ತಿಂಗಳ ಅಂತರದಲ್ಲಿ ಕಾಣುತ್ತವೆ.

ಪಾದ ತೊಳೆಯುವುದು, ಮತ್ತು ಸುಳ್ಳು ವಿನಯ

ವಿನಯಕ್ಕೆ ಚರ್ಚಿನಲ್ಲಿ ಒಂದು ವಿಧಿಯೇ ಇದೆ. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಪಾದ ತೊಳೆದರು ಎಂದು ಯೋವಾನ್ನನ ಸುವಾರ್ತೆ ಹೇಳುತ್ತದೆ. ಅದರ ನೆನಪಿಗೆ ಪವಿತ್ರ ಗುರುವಾರ ಕರ್ನಾಟಕದ ಕಥೋಲಿಕ ಚರ್ಚುಗಳಲ್ಲೂ ಸಾಲಾಗಿ ಕೂತ ಹನ್ನೆರಡು ಜನರ ಪಾದವನ್ನು ಗುರುಗಳು ತೊಳೆಯುತ್ತಾರೆ. ಕೂರುವವರು ಮನೆಯಲ್ಲೇ ಸೋಪು ಹಾಕಿ ಪಾದ ತಿಕ್ಕಿಕೊಂಡು ಬಂದಿರುತ್ತಾರೆ ಎನ್ನುವುದು ಬೇರೆ ಮಾತು. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಜೈಲಿಗೆ ಹೋಗಿ ಹುಡುಗಿಯರ, ಮುಸ್ಲಿಮರ ಪಾದವನ್ನೂ ತೊಳೆದಾಗ ಕೆಲವರು ಹುಬ್ಬೇರಿಸಿದರು. ಯಾಕೆಂದರೆ ನಿಯಮ ಗಂಡಸರನ್ನಷ್ಟೇ ಹೇಳುತ್ತಿತ್ತು. 2016ರಲ್ಲಿ ಅವರು ಆ ನಿಯಮವನ್ನೇ ಬದಲಿಸಿದರು.

ವಿಧಿ ಇದ್ದ ಕಡೆ ನಟನೆಗೂ ಜಾಗ ಇರುತ್ತದೆ. ಆರನೇ ಶತಮಾನದ ಕೊನೆಯಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಧರ್ಮಾಧ್ಯಕ್ಷರು ವಿಶ್ವಪಿತಾಮಹ ಎಂಬ ಬಿರುದು ಬಳಸಿದಾಗ ಪೋಪ್ ಮೊದಲನೆಯ ಗ್ರೆಗೊರಿ ಕೆರಳಿದರು. ತಮ್ಮನ್ನು ದೇವರ ಸೇವಕರ ಸೇವಕ ಎಂದು ಕರೆದುಕೊಂಡರು. ಮುಂದೆ ಅದೂ ಪೋಪರ ಅಧಿಕೃತ ಬಿರುದುಗಳ ಸಾಲಿಗೆ ಸೇರಿತು. ವಿನಯವೇ ಪದವಿಯಾಯಿತು!

ಇನ್ನೊಂದು ದುರ್ಬಳಕೆ ಇದಕ್ಕಿಂತ ಕೆಟ್ಟದ್ದು. ವಿನಯವನ್ನು ಮೇಲಿನವರು ಕೆಳಗಿನವರಿಗೆ ಬೋಧಿಸುವುದು. ದೂರು ಕೊಡಲು ಬಂದ ಸಿಸ್ಟರಿಗೆ, ಲೆಕ್ಕ ಕೇಳಿದ ಯುವಕನಿಗೆ, ನಿನ್ನಲ್ಲಿ ವಿನಯ ಇಲ್ಲ ಎಂದು ಬಾಯಿ ಮುಚ್ಚಿಸುವುದು. ಈ ವಿಷಯದಲ್ಲಿ ಸಂತ ಬೆನೆಡಿಕ್ಟರು ಆರನೇ ಶತಮಾನದಲ್ಲಿ ಮಠಗಳಿಗೆ ಬರೆದ ನಿಯಮ ಜಾಣತನದ್ದು. ಮುಖ್ಯ ನಿರ್ಧಾರ ಇದ್ದಾಗ ಮಠಾಧಿಪತಿ ಎಲ್ಲರನ್ನೂ ಕರೆದು ಕೇಳಬೇಕು, ಕಿರಿಯರನ್ನೂ ಬಿಡಬಾರದು, ಯಾಕೆಂದರೆ ದೇವರು ಎಷ್ಟೋ ಸಲ ಕಿರಿಯರಿಗೇ ಸರಿಯಾದದ್ದನ್ನು ತೋರಿಸುತ್ತಾನೆ ಎನ್ನುತ್ತದೆ ಅದು.

ಪೋಪ್ ಕೂಡ ಪಾಪನಿವೇದನೆಗೆ ಇನ್ನೊಬ್ಬ ಪಾದ್ರಿಯ ಮುಂದೆ ಮಂಡಿಯೂರಬೇಕು. ತಮಗೆ ತಾವೇ ಕ್ಷಮೆ ಕೊಟ್ಟುಕೊಳ್ಳುವಂತಿಲ್ಲ. ಆದರೆ ಚರ್ಚಿನ ಕಾನೂನಿನ 1404ನೇ ವಿಧಿಯಂತೆ ಯಾವ ನ್ಯಾಯಪೀಠವೂ ಪೋಪರ ವಿಚಾರಣೆ ಮಾಡುವಂತಿಲ್ಲ. ಒಳಗಿನ ಮನುಷ್ಯನಿಗೆ ಕಡಿವಾಣ ಇದೆ, ಹುದ್ದೆಗೆ ಇಲ್ಲ.

ಪೋಪ್ ಇಲ್ಲದ ಚರ್ಚುಗಳಲ್ಲಿ

1517ರಲ್ಲಿ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಪ್ರಕಟಿಸಿದ 95 ವಾದಗಳಲ್ಲಿ ಮೊದಲನೆಯದೇ ಕ್ರೈಸ್ತನ ಇಡೀ ಬದುಕು ಪಶ್ಚಾತ್ತಾಪ ಆಗಿರಬೇಕು ಎಂಬುದು. ಮನುಷ್ಯ ತನ್ನ ಕೆಲಸಗಳಿಂದ ನೀತಿವಂತನಾಗುವುದಿಲ್ಲ ಎಂಬ ಬೋಧನೆ ಆಮೇಲೆ ಪೋಪರಿಂದ ಬೇರೆಯಾದ ಪ್ರೊಟೆಸ್ಟಂಟ್ ಚರ್ಚುಗಳ ಬೆನ್ನೆಲುಬು. ಹಾಗಾದರೆ ಅಲ್ಲಿ ಸ್ವನೀತಿ ಇರಬಾರದು, ಅಲ್ವಾ? ಇರುತ್ತದೆ. ನಾನು ಕೃಪೆಯನ್ನು ಸರಿಯಾಗಿ ಅರ್ಥಮಾಡಿಕೊಂಡವನು ಎಂಬ ಹೆಮ್ಮೆಯಾಗಿ ಬರುತ್ತದೆ.

ಅಮೆರಿಕದ ಸಿಯಾಟಲ್‌ನಲ್ಲಿ 1996ರಲ್ಲಿ ಶುರುವಾದ ಮಾರ್ಸ್ ಹಿಲ್ ಚರ್ಚ್ ಸಾವಿರಾರು ಜನರ ದೊಡ್ಡ ಸಂಸ್ಥೆಯಾಯಿತು. 2007ರಲ್ಲಿ ಅಧಿಕಾರವನ್ನು ಕೆಲವರ ಕೈಗೆ ತರುವ ಹಾಗೆ ನಿಯಮಾವಳಿ ಬದಲಾಯಿತು. ವಿರೋಧಿಸಿದ ಇಬ್ಬರು ಹಿರಿಯರು ಕೆಲಸ ಕಳೆದುಕೊಂಡರು. 2014ರ ಅಕ್ಟೋಬರ್‌ನಲ್ಲಿ ಮುಖ್ಯ ಪಾಸ್ಟರ್ ಮಾರ್ಕ್ ಡ್ರಿಸ್ಕಲ್ ರಾಜೀನಾಮೆ ಕೊಟ್ಟರು. ಅನೈತಿಕತೆ ಕಂಡುಬಂದಿಲ್ಲ, ಆದರೆ ಅಹಂಕಾರ, ಮುಂಗೋಪ, ದರ್ಪದ ನಡವಳಿಕೆ ನಿಜ ಎಂದು ಚರ್ಚಿನ ಮೇಲ್ವಿಚಾರಕರು ತಿಳಿಸಿದರು. 2015 ಶುರುವಾಗುವಷ್ಟರಲ್ಲಿ ಆ ಚರ್ಚೇ ವಿಸರ್ಜನೆಯಾಗಿತ್ತು. ಏಳು ವರ್ಷ ಮೊದಲು ತಿದ್ದಬಲ್ಲವರನ್ನು ಹೊರಗೆ ಕಳಿಸಿದ್ದಕ್ಕೂ ಈ ಕೊನೆಗೂ ಸಂಬಂಧ ಇಲ್ಲ ಎನ್ನುವುದು ಕಷ್ಟ.

ನಮ್ಮ ಊರಿನ ಚರ್ಚಿನಲ್ಲಿ ಏನು ನೋಡಬೇಕು?

ನಾಯಕರ ಮನಸ್ಸಿನೊಳಗೆ ಇಣುಕಲು ಯಾರಿಗೂ ಆಗುವುದಿಲ್ಲ. ಸ್ಕೂಟರಿನಲ್ಲಿ ಓಡಾಡುವವರು ಹಠಮಾರಿಗಳಾಗಿರಬಹುದು, ಕಾರಿನಲ್ಲಿ ಬರುವವರು ಹೇಳಿದ್ದನ್ನು ಕೇಳುವವರಾಗಿರಬಹುದು. ಕಣ್ಣಿಗೆ ಕಾಣುವುದು ವ್ಯವಸ್ಥೆ. ಇವರಿಗೆ ಬೇಡ ಎಂದು ಹೇಳಬಲ್ಲವರು ಯಾರು? ಹೇಳಿದವರು ಮುಂದಿನ ವರ್ಷವೂ ಅದೇ ಜಾಗದಲ್ಲಿ ಇದ್ದಾರೆಯೇ? ಕ್ಷಮೆ ಕೇಳಿದಾಗ ಮಾಡಿದ ತಪ್ಪಿನ ಹೆಸರು ಹೇಳುತ್ತಾರೆಯೇ, ಇಲ್ಲ ಯಾರಿಗಾದರೂ ನೋವಾಗಿದ್ದರೆ ಎಂದು ಜಾರಿಕೊಳ್ಳುತ್ತಾರೆಯೇ?

ಕಥೋಲಿಕ ಚರ್ಚಿನ ಕಾನೂನಿನ 537ನೇ ವಿಧಿಯಂತೆ ಪ್ರತಿ ಧರ್ಮಕೇಂದ್ರದಲ್ಲೂ, ಅಂದರೆ ಒಬ್ಬ ಗುರುಗಳ ಉಸ್ತುವಾರಿಯ ಸ್ಥಳೀಯ ಚರ್ಚಿನಲ್ಲೂ, ಹಣಕಾಸು ಸಮಿತಿ ಇರಲೇಬೇಕು. 536ನೇ ವಿಧಿಯ ಪಾಲನಾ ಪರಿಷತ್ತು ಬಿಷಪ್ ಬೇಕೆಂದರೆ ಮಾತ್ರ, ಅದಕ್ಕಿರುವುದೂ ಸಲಹೆ ಕೊಡುವ ಅಧಿಕಾರವಷ್ಟೇ. 1947ರಲ್ಲಿ ಹುಟ್ಟಿದ ಪ್ರೊಟೆಸ್ಟಂಟ್ ಪಂಗಡ ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚಿನಲ್ಲಿ ಆಯ್ಕೆಯಾದ ಸಮಿತಿಗಳಿವೆ, ಸಿನಾಡ್ ಎಂಬ ಮೇಲಿನ ಆಡಳಿತ ಸಭೆ ಇದೆ. ಸ್ವತಂತ್ರ ಪ್ರಾರ್ಥನಾ ಮಂದಿರಗಳು ಎಷ್ಟೋ ಕಡೆ ಟ್ರಸ್ಟ್ ಆಗಿ ನೋಂದಣಿಯಾಗಿರುತ್ತವೆ. ಅಂಥ ಕಡೆ ಟ್ರಸ್ಟ್ ಡೀಡ್ ಕೇಳಿ ನೋಡಿ. ಅದರಲ್ಲಿ ಪಾಸ್ಟರ್, ಅವರ ಹೆಂಡತಿ, ಅವರ ಭಾವಮೈದುನ ಈ ಮೂವರ ಹೆಸರಷ್ಟೇ ಇದ್ದರೆ, ಪಾಸ್ಟರನ್ನು ಪ್ರಶ್ನಿಸಬೇಕಾದ ಸಭೆ ಅವರ ಮನೆಯ ಊಟದ ಮೇಜಿನಲ್ಲೇ ನಡೆಯಬೇಕಾಗುತ್ತದೆ.